ಯು ಸಾಗಿಯೆಮ್‌ಳ ಹಿಪ್ಪಲಿ ಸೀಸೆ

ಯು ಸಾಗಿಯೆಮ್ ತೀರಿಕೊಂಡು ಕಳೆದ ತಿಂಗಳಿಗೆ ಸಾವಿರ ದಿನ ತುಂಬಿತು. ಸಾವಿರದ ಊಟಕ್ಕೆ ಅವಳ ಹಳ್ಳಿಗೆ ಹೋಗಿದ್ದೆ. ನಮ್ಮ ಕೇರಿಯಿಂದ ಹೋದವಳು ನಾನೊಬ್ಬಳೇ. ಚಾಪೆಯ ಮೇಲೆ ಕೂತಿದ್ದ ಹೆಂಗಸರು ಸರಿದು ಜಾಗ ಕೊಟ್ಟು, ಮೊದಲ ತಟ್ಟೆಯನ್ನು ನನ್ನ ಮುಂದೆಯೇ ಇಟ್ಟರು. ಸೋಲೋ ಪಟ್ಟಣದ ಬು ವಿನಾರ್ಸಿ ಇವರೇ, ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುತ್ತಿದ್ದವರು, ನಮ್ಮ ಸಾಗಿಯೆಮ್‌ಗೆ ಅಲ್ಲಿ ಇದ್ದದ್ದೇ ಇವರೊಬ್ಬರು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ತಲೆ ತಗ್ಗಿಸಿ ಉಂಡೆ. ವಾಪಸು ಬರುವ ಬಸ್ಸಿನಲ್ಲಿ, ಇನ್ನೂ ಬಾಯಿ ಮುಚ್ಚಿಕೊಂಡು ಕೂತರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು. ಬಾಯಿ ಬಿಡುವ ಧೈರ್ಯ ಈಗಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬು ಎಂದರೆ ಅಮ್ಮ, ಯು ಎಂದರೆ ಅಕ್ಕ. ಜಾಮು, ಅಂದರೆ ಬೇರು ಮಸಾಲೆ ಅರೆದು ಮಾಡಿದ ಕುಡಿಯುವ ರಸ, ಹೊತ್ತು ಮಾರುವ ಹೆಂಗಸರನ್ನೆಲ್ಲ ನಮ್ಮಲ್ಲಿ ಯು ಎಂದೇ ಕರೆಯುವುದು, ಕರೆಯುವವಳು ಅಜ್ಜಿಯೇ ಆಗಿರಲಿ. ಸಾಗಿಯೆಮ್ ನಮ್ಮ ಕೇರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಡ ಜಕಾರ್ತದಲ್ಲಿ ಕೈಗಾಡಿ ತಳ್ಳಿಕೊಂಡು ಮಾಂಸದುಂಡೆಯ ಸಾರು ಮಾರುತ್ತಿದ್ದ. ಅವಳ ಹಳ್ಳಿಯ ಗಂಡಸರೆಲ್ಲ ಅದನ್ನೇ ಮಾಡುವವರು, ಹೆಂಗಸರೆಲ್ಲ ಜಾಮು ಮಾರುವವರು. ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದು ನಮ್ಮ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಬೆಳಗಿನ ಅಜಾನ್‌ಗೆ ಮೊದಲೇ ಅವಳ ಅರೆಯುವ ಕಲ್ಲು ಗರಗರ ಎನ್ನುತ್ತಿತ್ತು. ಮೊದಲ ವಾರದಲ್ಲೇ ಒಂದು ದಿನ ಜಗಳ ಆಡಿಬಿಡೋಣವೆಂದು ಎದ್ದಿದ್ದೆ. ಅಷ್ಟರಲ್ಲಿ ತಾಳೆಬೆಲ್ಲ ಕಾಯುವ ವಾಸನೆ ಬಂತು. ತೆಪ್ಪಗೆ ಮಲಗಿದೆ.

ಆರು ಗಂಟೆಗೆ ಹೊರಡುವಳು. ಬಿದಿರಿನ ಬುಟ್ಟಿಯಲ್ಲಿ ಏಳೆಂಟು ಸೀಸೆ. ಅರಿಸಿನ-ಹುಣಿಸೆಯದು ಹೆಂಗಸರಿಗೆ, ಅಕ್ಕಿ-ಕಚೋರದ್ದು ಮಕ್ಕಳಿಗೆ, ಅಮೃತಬಳ್ಳಿ ನೆಲಬೇವಿನ ಕಹಿ ಗಂಡಸರಿಗೆ, ಹಿಪ್ಪಲಿ ಮತ್ತು ಕಾಡುಶುಂಠಿಯ ಖಾರದ್ದು ಮೈಕೈ ನೋವಿನವರಿಗೆ. ಬುಟ್ಟಿಯನ್ನು ಉದ್ದನೆಯ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿ, ಕೈಯಲ್ಲಿ ಒಂದು ಪುಟ್ಟ ಬಕೆಟ್ ನೀರು ಹಿಡಿದಿರುತ್ತಿದ್ದಳು. ಇದ್ದದ್ದು ಮೂರು ಗಾಜಿನ ಲೋಟ. ಒಬ್ಬರು ಕುಡಿದದ್ದನ್ನು ಆ ನೀರಿನಲ್ಲಿ ಅದ್ದಿ ತೆಗೆದು ಇನ್ನೊಬ್ಬರಿಗೆ ಹೊಯ್ದು ಕೊಡುವುದು. ಇಡೀ ಕೇರಿಯ ತುಟಿ ಆ ಮೂರು ಲೋಟಗಳಿಗೆ ತಾಕುತ್ತಿತ್ತು. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ.

ಅವಳು ಯಾರನ್ನೂ ಏನು ಕಾಯಿಲೆ ಎಂದು ಕೇಳುತ್ತಿರಲಿಲ್ಲ. ಅದು ಅವಳ ಅಜ್ಜಿಯಿಂದ ಬಂದ ಪದ್ಧತಿ. ಎದುರಿಗೆ ನಿಂತವರ ಕಣ್ಣ ಕೆಳಗೆ ನೋಡುವಳು, ಉಗುರು ನೋಡುವಳು, ಒಂದು ಸೀಸೆ ಎತ್ತಿಕೊಳ್ಳುವಳು. ಹತ್ತಕ್ಕೆ ಎಂಟು ಸಲ ಅದು ಸರಿಯಾಗಿಯೇ ಇರುತ್ತಿತ್ತು, ಹಾಗಾಗಿ ಜಂಬವೂ ಇತ್ತು. ಒಮ್ಮೆ ನಾನು ರೇಗಿಸಿದೆ: ನಮ್ಮ ಡಾಕ್ಟರು ಹತ್ತು ಪ್ರಶ್ನೆ ಕೇಳುತ್ತಾರೆ, ನೀನು ಒಂದನ್ನೂ ಕೇಳುವುದಿಲ್ಲವಲ್ಲ ಎಂದು.

"ಕೇಳೋಕೇನಿದೆ ಬು, ಮುಖನೇ ಹೇಳುತ್ತಲ್ಲ," ಅಂದಳು. "ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ನಿಮ್ಮ ಡಾಕ್ಟರಿಗೆ ದಿನಾ ಎಷ್ಟು ಸುಳ್ಳು ಹೇಳಲ್ಲ?"

ನಾನು ನಕ್ಕೆ. ಆ ಮಾತು ನಿಜವೇ ಆಗಿತ್ತು. ಆರೋಗ್ಯ ಕೇಂದ್ರದ ಔಷಧಿ ಕಿಟಕಿಯ ಒಳಗೆ ಕೂತು ಹತ್ತೊಂಬತ್ತು ವರ್ಷ ಆ ಸುಳ್ಳುಗಳನ್ನು ಕೇಳಿಸಿಕೊಂಡವಳು ನಾನು. ಗುಳಿಗೆಗಳನ್ನು ಕಾಗದದ ಪೊಟ್ಟಣ ಕಟ್ಟಿ, ಹೆಸರು ಬರೆದು, ದಿನಕ್ಕೆ ಎಷ್ಟು ಎಂದು ಹೇಳಿ ಕೊಡುವುದು ನನ್ನ ಕೆಲಸ. ಕೆಲಸಕ್ಕೆ ಹೊರಡುವ ಮುಂಚೆ ಹಿತ್ತಿಲ ಬಾಗಿಲಲ್ಲಿ ನಿಂತು ಯು ಸಾಗಿಯೆಮ್ ಕೊಟ್ಟ ಅರಿಸಿನ-ಹುಣಿಸೆ ಕುಡಿದೇ ಹೋಗುತ್ತಿದ್ದೆ. ಗುಳಿಗೆ ನನ್ನ ತಲೆಯಲ್ಲಿ ಒಂದು ಕಡೆ, ಜಾಮು ಇನ್ನೊಂದು ಕಡೆ. ಚಹಾ ಕುಡಿದದ್ದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಜಾಮುವೂ ನಮಗೆ ಹಾಗೆಯೇ.

ಇನ್ನು ಪಾರ್ಯಂತಿಯ ವಿಷಯ. ನಮ್ಮ ಕೇರಿಯ ಕೊನೆಯಲ್ಲಿ ಹಾಜಿ ಅಮ್ಮನ ಬಾಟಿಕ್ ಚಪ್ಪರ ಇತ್ತು. ಹದಿನೈದಿಪ್ಪತ್ತು ಹೆಂಗಸರು ಪುಟ್ಟ ಒಲೆಗಳ ಸುತ್ತ ಕೂತು, ಬಾಣಲೆಯ ಬಿಸಿ ಮೇಣವನ್ನು ತಾಮ್ರದ ಕೊಳವೆಲೇಖನಿಯಲ್ಲಿ ತುಂಬಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಅವರಲ್ಲಿ ಪಾರ್ಯಂತಿಯ ಕೈಗೆ ಎದುರಿರಲಿಲ್ಲ. ಸಾಸಿವೆಗಿಂತ ಸಣ್ಣ ಚುಕ್ಕಿಗಳನ್ನು ಸಾಲಾಗಿ ಇಡುವುದರಲ್ಲಿ ಅವಳೇ ಮೇಲು, ಮದುವೆಯ ಬಟ್ಟೆಗಳೆಲ್ಲ ಅವಳ ಪಾಲಿಗೇ. ಮೂವತ್ತರ ಹೆಂಗಸು, ಇಬ್ಬರು ಮಕ್ಕಳು, ಗಂಡ ಸೈಕಲ್ ರಿಕ್ಷಾ ತುಳಿಯುತ್ತಿದ್ದ. ಅವಳಿಗೆ ಹನ್ನೆರಡನೆಯ ವಯಸ್ಸಿನಿಂದ ಮೂರ್ಛೆ ರೋಗ.

ಅದು ಗೊತ್ತಿದ್ದದ್ದು ಅವಳ ಗಂಡನಿಗೆ, ಡಾಕ್ಟರಿಗೆ, ನನಗೆ. ನಮ್ಮ ಕಡೆ ಮೂರ್ಛೆ ಬಿದ್ದವರ ಬಾಯಿಯ ನೊರೆ ತಾಕಿದರೆ, ಎಂಜಲು ಸೋಂಕಿದರೆ, ರೋಗ ಅಂಟುತ್ತದೆ ಎಂದು ಜನ ನಂಬಿದ್ದರು. ಓದಿದವರೂ ನಂಬಿದ್ದರು. ಬಯಲಾದರೆ ಚಪ್ಪರದ ಕೆಲಸ ಹೋಗುತ್ತದೆ, ಅವಳು ಮುಟ್ಟಿದ ಲೋಟವನ್ನು ಯಾರೂ ಮುಟ್ಟುವುದಿಲ್ಲ, ನಾಳೆ ಮಕ್ಕಳಿಗೆ ಸಂಬಂಧ ಹುಡುಕುವುದೂ ಕಷ್ಟ. ಅದಕ್ಕೇ ತಿಂಗಳಿಗೊಮ್ಮೆ ಸರದಿ ಎಲ್ಲ ಮುಗಿದ ಮೇಲೆ ಬರುವಳು. ನಾನು ಪೊಟ್ಟಣದ ಮೇಲೆ ಅವಳ ಹೆಸರು ಬರೆಯದೆ ಕೊಡುತ್ತಿದ್ದೆ. ದಿನಕ್ಕೆ ಮೂರು ಗುಳಿಗೆ. ಆರು ವರ್ಷ ಒಂದೇ ಒಂದು ಸಲವೂ ಬಿದ್ದಿರಲಿಲ್ಲ. ಬು, ನಿಮ್ಮ ಋಣ ತೀರಿಸೋಕಾಗಲ್ಲ ಅನ್ನುತ್ತಿದ್ದಳು. ಗುಟ್ಟು ಕಾಪಾಡಿದ್ದಕ್ಕೆ ನನಗೂ ಒಳಗೊಳಗೇ ಹೆಮ್ಮೆ.

ಯು ಸಾಗಿಯೆಮ್‌ಗೆ ಪಾರ್ಯಂತಿಯ ಮೇಲೆ ವಿಶೇಷ ಪ್ರೀತಿ. ಊರಲ್ಲಿ ಬಿಟ್ಟು ಬಂದ ಮಗಳ ಮೇಲಿನ ಪ್ರೀತಿಯನ್ನೆಲ್ಲ ಇವಳ ಮೇಲೆ ಸುರಿಯುತ್ತಾಳೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅಷ್ಟು ಹೊತ್ತಿಗೆ ಯು ಸಾಗಿಯೆಮ್‌ಗೆ ನಲವತ್ತು, ವಯಸ್ಸಿನಲ್ಲಿ ಇಬ್ಬರಿಗೂ ಹತ್ತೇ ವರ್ಷ ಅಂತರ. ಹತ್ತು ಗಂಟೆಗೆ ಚಪ್ಪರದ ಮುಂದೆ ಬುಟ್ಟಿ ಇಳಿಸಿ, ಹೆಂಗಸರಿಗೆಲ್ಲ ಕೊಟ್ಟು ಮುಗಿಸಿ, ಪಾರ್ಯಂತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳ ಚುಕ್ಕಿ ನೋಡುವಳು. ಒಂದು ದಿನ ನನ್ನ ಹತ್ತಿರ ಬಂದು, ಅಷ್ಟು ಸಣ್ಣ ಚುಕ್ಕಿ ಇಡಬೇಕಾದರೆ ಉಸಿರು ಬಿಗಿಹಿಡಿದೇ ಇಡಬೇಕು, ಇವಳು ದಿನಕ್ಕೆ ಎಷ್ಟು ಸಲ ಉಸಿರು ಬಿಡುತ್ತಾಳೋ ಎಂದು ನಿಜವಾಗಿಯೂ ಚಿಂತೆ ಮಾಡಿದಳು.

ಆ ವರ್ಷ ಚಪ್ಪರಕ್ಕೆ ಯಾವುದೋ ದೊಡ್ಡ ಮನೆಯ ಮದುವೆಯ ಕೆಲಸ ಬಂತು. ಪಾರ್ಯಂತಿ ಬೆಳಗ್ಗೆ ಕೂತವಳು ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಹೆಗಲು, ಸೊಂಟ ಹಿಡಿದುಕೊಂಡಿತು. ಯು ಸಾಗಿಯೆಮ್ ಅವಳ ಮುಖ ನೋಡಿದಳು, ಅರಿಸಿನದ ಸೀಸೆ ಬಿಟ್ಟು ಹಿಪ್ಪಲಿಯ ಸೀಸೆ ಎತ್ತಿದಳು. ಹಿಪ್ಪಲಿ, ಮೆಣಸು, ಕಾಡುಶುಂಠಿ. ಕುಡಿದರೆ ಕಿವಿಯವರೆಗೆ ಬಿಸಿ ಏರುತ್ತದೆ. ಎರಡು ವಾರದಲ್ಲಿ ನೋವು ಇಳಿಯಿತು. ಆದರೆ ಮೂರನೆಯದೋ ನಾಲ್ಕನೆಯದೋ ವಾರದಿಂದ ಪಾರ್ಯಂತಿಯ ಕೈ ನಡುಗಲು ಶುರುವಾಯಿತು. ಗೆರೆ ಎರಡೆರಡಾಗಿ ಕಾಣುತ್ತದೆ ಅಂದಳು. ಎದ್ದು ನಿಂತರೆ ತೂಗಾಡುವಳು, ಮಾತು ನಾಲಿಗೆಯಲ್ಲಿ ತೊಡರುವುದು. ಹಾಜಿ ಅಮ್ಮ ಅವಳ ಕೈಯಿಂದ ಒಂದು ಬಟ್ಟೆ ಕಿತ್ತುಕೊಂಡು ಬೇರೆಯವಳಿಗೆ ಕೊಟ್ಟಳಂತೆ.

ನಡುಕ ಎಂದರೆ ನಮ್ಮವರ ಲೆಕ್ಕದಲ್ಲಿ ಮೈಗೆ ಚಳಿಗಾಳಿ ಹೊಕ್ಕಿದೆ ಎಂದೇ ಅರ್ಥ. ಗಾಳಿ ಹೊಕ್ಕರೆ ಇನ್ನಷ್ಟು ಖಾರ. ಯು ಸಾಗಿಯೆಮ್ ಅವಳಿಗೆಂದೇ ಒಂದು ಪ್ರತ್ಯೇಕ ಸೀಸೆ ಮಾಡಿದಳು, ಹಿಪ್ಪಲಿ ದುಪ್ಪಟ್ಟು ಹಾಕಿ. ನನ್ನ ಹಿತ್ತಿಲಲ್ಲೇ, ನನ್ನ ಕಣ್ಣೆದುರಿಗೇ ಅರೆದಳು. ಯಾರಿಗೆ ಇಷ್ಟೊಂದು ಎಂದು ಕೇಳಿದೆ. ಪಾರ್ಯಂತಿಗೆ ಅಂದಳು. ಪಾಪ, ಒಳ್ಳೆಯದಾಗಲಿ ಅಂದೆ. ನಾನು ಅಂದದ್ದು ಅಷ್ಟೇ.

ನಡುಕ ಹೆಚ್ಚಾಯಿತು. ಕೊನೆಗೆ ಒಂದು ಮಧ್ಯಾಹ್ನ ಗಂಡನ ರಿಕ್ಷಾದಲ್ಲಿ ಕೂತು ಆರೋಗ್ಯ ಕೇಂದ್ರಕ್ಕೆ ಬಂದಳು. ಆಗ ಇದ್ದವರು ಸುಮಾತ್ರದ ಕಡೆಯ ಯುವ ಡಾಕ್ಟರು, ಒಳ್ಳೆಯ ಮನುಷ್ಯ. ಗೆರೆಯ ಮೇಲೆ ನಡೆಸಿದರು, ಬೆರಳನ್ನು ಅತ್ತಿತ್ತ ಆಡಿಸಿ ಕಣ್ಣು ನೋಡಿದರು. ಕಣ್ಣುಗುಡ್ಡೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗುಳಿಗೆ ಮೈಯಲ್ಲಿ ಹೆಚ್ಚಾಗಿ ನಿಂತಿರುವ ಲಕ್ಷಣ ಇದು, ಇಷ್ಟು ವರ್ಷ ಇಲ್ಲದ್ದು ಈಗೇಕೆ ಎಂದು ಅವರಿಗೂ ಬಗೆಹರಿಯಲಿಲ್ಲ. ನಾನು ಕಿಟಕಿಯ ಪಕ್ಕದಲ್ಲೇ ಇದ್ದೆ.

"ಇದು ಬಿಟ್ಟು ಬೇರೆ ಔಷಧಿ ಏನಾದರೂ ತಗೊಳ್ತಾ ಇದೀರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಏನೂ ಇಲ್ಲ," ಅಂದಳು ಪಾರ್ಯಂತಿ.

ಅವಳು ಸುಳ್ಳು ಹೇಳಲಿಲ್ಲ. ಅವಳ ಪಾಲಿಗೆ ಅದು ನಿಜ. ನನ್ನ ಪಾಲಿಗೂ ನಿಜವೇ ಆಗಿತ್ತು ಎಂದು ಬರೆದುಬಿಟ್ಟರೆ ಹಗುರವಾಗುತ್ತೇನೆ. ಆದರೆ ಆ ಕ್ಷಣ ಹಿತ್ತಿಲ ಅರೆಯುವ ಕಲ್ಲು ನನ್ನ ಕಣ್ಣ ಮುಂದೆ ಬಂತು. ಹೇಳಲೇ ಅನ್ನಿಸಿತು. ಪರ ಊರಿನ ಡಾಕ್ಟರು ಜಾಮು ಎಂದರೆ ನಗುತ್ತಾರೇನೋ, ಔಷಧಿ ಕೊಡುವವಳೇ ಬೆಳಗ್ಗೆ ಬೇರುನೀರು ಕುಡಿದು ಬರುತ್ತಾಳೆ ಎಂದು ಗೊತ್ತಾಗಿಬಿಡುತ್ತದೇನೋ ಎಂದು ಹಿಂಜರಿದೆ. ಡಾಕ್ಟರು ಮೂರನ್ನು ಎರಡು ಮಾಡಿ ಬರೆದರು. ನಾನು ಎರಡರ ಲೆಕ್ಕದಲ್ಲಿ ಪೊಟ್ಟಣ ಕಟ್ಟಿದೆ.

ಹತ್ತು ಹನ್ನೆರಡು ದಿನದಲ್ಲಿ ಪಾರ್ಯಂತಿ ಸರಿಹೋದಳು. ಕೈ ನಿಂತಿತು, ಚುಕ್ಕಿ ಮೊದಲಿನಂತೆ ಸಾಲು ಹಿಡಿಯಿತು. ಹಾಜಿ ಅಮ್ಮ ಬಟ್ಟೆಯನ್ನು ವಾಪಸು ಅವಳಿಗೇ ಕೊಟ್ಟಳು. ಡಾಕ್ಟರು ಗುಳಿಗೆ ಇಳಿಸಿದ್ದಕ್ಕೆ ಎಂದುಕೊಂಡರು. ದುಪ್ಪಟ್ಟು ಹಿಪ್ಪಲಿಯಿಂದ ಗಾಳಿ ಬಿಟ್ಟಿತು ಎಂದು ಯು ಸಾಗಿಯೆಮ್ ಕೇರಿಯೆಲ್ಲ ಹೇಳಿಕೊಂಡು ತಿರುಗಿದಳು, ಆ ಸೀಸೆಯನ್ನು ತಪ್ಪದೆ ಮುಂದುವರಿಸಿದಳು. ನಾನಂತೂ ಇಬ್ಬರಿಗೂ ಹೌದು ಹೌದು ಅಂದೆ.

ಎರಡು ತಿಂಗಳಿಗೆ ಉಪವಾಸದ ತಿಂಗಳು ಬಂತು. ಹಗಲು ಕುಡಿಯುವವರಿಲ್ಲ, ಜಾಮುವಿನ ಸುತ್ತು ನಿಲ್ಲುತ್ತದೆ. ಯು ಸಾಗಿಯೆಮ್ ಪ್ರತಿ ವರ್ಷದಂತೆ ಬುಟ್ಟಿ ತೊಳೆದು ಬೋರಲು ಹಾಕಿ, ಹಬ್ಬ ಮುಗಿಸಿಕೊಂಡೇ ಬರುತ್ತೇನೆಂದು ಊರಿಗೆ ಹೊರಟಳು. ಹೋಗುವ ಮುಂಚೆ ಚಪ್ಪರಕ್ಕೆ ಹೋಗಿ ಪಾರ್ಯಂತಿಯ ಕೈ ಹಿಡಿದು ನೋಡಿದಳಂತೆ. ಈಗ ಕಲ್ಲಿನ ಹಾಗೆ ನಿಂತಿದೆ, ಒಂದು ತಿಂಗಳು ಜಾಮು ಇಲ್ಲದಿದ್ದರೂ ಏನೂ ಆಗಲ್ಲ ಎಂದು ಧೈರ್ಯ ಹೇಳಿದಳಂತೆ. ಹಿಂದಿನ ವರ್ಷಗಳಲ್ಲೂ ಆ ತಿಂಗಳು ಜಾಮು ಇರುತ್ತಿರಲಿಲ್ಲ, ಏನೂ ಆಗಿರಲಿಲ್ಲ. ಆದರೆ ಹಿಂದಿನ ವರ್ಷಗಳಲ್ಲಿ ಗುಳಿಗೆ ಮೂರಿದ್ದವು.

ಹದಿಮೂರನೆಯ ಉಪವಾಸದ ದಿನ, ಬೆಳಗ್ಗೆ ಹತ್ತರ ಹೊತ್ತಿಗೆ, ಚಪ್ಪರದಲ್ಲಿ ಪಾರ್ಯಂತಿ ಒಲೆಯ ಮುಂದೆ ಕೂತಿದ್ದಳು. ಲೇಖನಿಯನ್ನು ಮೇಣದಲ್ಲಿ ಅದ್ದಲು ಕೈ ಚಾಚಿದ್ದಳಂತೆ, ಹಾಗೇ ಮುಂದಕ್ಕೆ ಬಿದ್ದಳು. ಬಲಗೈ ಮಣಿಕಟ್ಟಿನವರೆಗೂ ಬಾಣಲೆಯೊಳಗೆ. ಮೈ ಸೆಟೆದುಕೊಂಡು ಒದ್ದಾಡುತ್ತಿತ್ತು, ಬಾಯಲ್ಲಿ ನೊರೆ. ನೊರೆ ನೋಡಿದ್ದೇ ಹೆಂಗಸರು ಹಿಂದಕ್ಕೆ ಸರಿದರು. ಅವಳನ್ನು ಮುಟ್ಟಿ ಎಳೆಯಲು ಯಾರಿಗೂ ಕೈ ಬರಲಿಲ್ಲ. ಆಚೆ ಬಟ್ಟೆ ಒಣಹಾಕುತ್ತಿದ್ದ ಒಬ್ಬ ಮುದುಕ ಓಡಿ ಬಂದು ಎಳೆಯುವವರೆಗೆ ಕೈ ಅಲ್ಲೇ ಇತ್ತು. ಆ ಹೆಂಗಸರನ್ನು ನಾನು ಬಹಳ ವರ್ಷ ಶಪಿಸಿದೆ. ಈಗ ಶಪಿಸುವುದಿಲ್ಲ. ಹೆದರಿ ಸುಮ್ಮನೆ ನಿಂತವರಲ್ಲಿ ನಾನೇ ಮೊದಲನೆಯವಳು.

ದೊಡ್ಡಾಸ್ಪತ್ರೆಯಲ್ಲಿ ಎರಡು ತಿಂಗಳಿದ್ದಳು. ಜೀವ ಉಳಿಯಿತು, ಗುಳಿಗೆಯನ್ನು ಅಲ್ಲಿ ಮತ್ತೆ ಮೂರು ಮಾಡಿದರು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿಕೊಂಡವು. ಚುಕ್ಕಿ ಇಡುವುದಿರಲಿ, ಚಮಚ ಹಿಡಿಯುವುದೂ ಆಗಲಿಲ್ಲ. ಹಾಜಿ ಅಮ್ಮ ಒಂದು ಮೂಟೆ ಅಕ್ಕಿ ಕಳಿಸಿ, ಮನೆಯಲ್ಲೇ ಆರಾಮಾಗಿರು ಎಂದು ಹೇಳಿಸಿದಳು. ಅಲ್ಲಿಗೆ ಕೆಲಸ ಮುಗಿಯಿತು.

ಹಬ್ಬ ಮುಗಿದು ವಾರಕ್ಕೆ ಯು ಸಾಗಿಯೆಮ್ ಬಂದಳು. ಅಷ್ಟರಲ್ಲಿ ಕೇರಿಗೆಲ್ಲ ಲೋಟದ ನೆನಪು ಬಂದಿತ್ತು. ಆರು ವರ್ಷ ಪಾರ್ಯಂತಿ ಬಾಯಿಟ್ಟ ಲೋಟದಲ್ಲೇ ತಾವೂ ಕುಡಿದಿದ್ದೇವೆ ಎಂದು ಹೆಂಗಸರು ಲೆಕ್ಕ ಹಾಕಿ ಕೂತಿದ್ದರು. ಮೊದಲ ದಿನ ಬುಟ್ಟಿ ಹೊತ್ತು ಕೇರಿಯ ಈ ತುದಿಯಿಂದ ಆ ತುದಿಗೆ ಕೂಗುತ್ತಾ ಹೋದಳು, ಒಂದು ಬಾಗಿಲೂ ತೆರೆಯಲಿಲ್ಲ. ತುಂಬಿದ ಸೀಸೆಗಳೊಂದಿಗೆ ನನ್ನ ಹಿತ್ತಿಲಿಗೆ ವಾಪಸು ಬಂದು, ಏನಾಯಿತು ಬು, ಯಾರಾದರೂ ಸತ್ತರಾ ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ರೋಗದ ವಿಷಯ, ಗುಳಿಗೆಯ ವಿಷಯ ಅವಳಿಗೆ ಮೊದಲ ಸಲ ಗೊತ್ತಾದದ್ದು ಆಗ. ನಾವು ಗುಟ್ಟು ಮುಚ್ಚಿಟ್ಟದ್ದಕ್ಕೆ ಅವಳು ಸಿಟ್ಟಾಗಲಿಲ್ಲ. ಸೀಸೆಗಳನ್ನೆಲ್ಲ ಚರಂಡಿಗೆ ಬಗ್ಗಿಸಿ, ಅಕ್ಕಿ-ಕಚೋರದ್ದೊಂದನ್ನು ಉಳಿಸಿಕೊಂಡು, ಸೀದಾ ಆಸ್ಪತ್ರೆಗೆ ಹೋದಳು. ಆಮೇಲೆ ಎರಡು ವರ್ಷ ದೂರದ ಕೇರಿಗಳಲ್ಲಿ ಜಾಮು ಮಾರಿ, ವಾಪಸು ಬರುವಾಗ ದಿನಾ ಪಾರ್ಯಂತಿಯ ಮನೆಗೆ ಹೋಗಿ, ಅವಳಿಗೆ ಜಡೆ ಹಾಕಿ, ಅನ್ನ ಕಲಸಿ ಕೊಟ್ಟು ಬರುತ್ತಿದ್ದಳು. ಅವಳಿಗೂ ಅಕ್ಕಿ-ಕಚೋರ ಕುಡಿಸಿ ಅದೇ ಲೋಟದಲ್ಲಿ, ಬಾಗಿಲಲ್ಲಿ ಕೂತು, ಎಲ್ಲರಿಗೂ ಕಾಣುವಂತೆ ತಾನೂ ಕುಡಿಯುತ್ತಿದ್ದಳು. ಆ ಇಬ್ಬರೂ ನಗುವುದು ಕೆಲವು ಸಂಜೆ ರಸ್ತೆಗೂ ಕೇಳಿಸುತ್ತಿತ್ತು.

ಮೂರನೆಯ ವರ್ಷ ನಮ್ಮಂಥ ಔಷಧಿ ಕೊಡುವವರನ್ನೆಲ್ಲ ಜಿಲ್ಲಾ ಕಚೇರಿಯಲ್ಲಿ ಸೇರಿಸಿ ಎರಡು ದಿನ ತರಬೇತಿ ಕೊಟ್ಟರು. ಕನ್ನಡಕದ ಒಬ್ಬ ಹೆಣ್ಣುಮಗಳು, ಔಷಧಶಾಸ್ತ್ರ ಓದಿದವಳು, ಮೆದುಳಿನ ಕಾಯಿಲೆಯ ಗುಳಿಗೆಗಳ ಬಗ್ಗೆ ಮಾತಾಡಿದಳು. ಮೆಣಸು ಮತ್ತು ಹಿಪ್ಪಲಿಯಲ್ಲಿರುವ ಖಾರದ ಸತ್ವ ಮೂರ್ಛೆಯ ಕೆಲವು ಗುಳಿಗೆಗಳನ್ನು ರಕ್ತಕ್ಕೆ ಹೆಚ್ಚು ಸೇರಿಸುತ್ತದೆ, ಮೈಯಿಂದ ಬೇಗ ಹೊರಹೋಗದಂತೆ ತಡೆಯುತ್ತದೆ ಅಂದಳು. ಹಾಗಾಗಿ ಜಾಮು ಶುರು ಮಾಡಿದಾಗಲೂ ಅಪಾಯ, ತಟ್ಟನೆ ಬಿಟ್ಟಾಗಲೂ ಅಪಾಯ. ರೋಗಿಗಳನ್ನು ಜಾಮುವಿನ ಹೆಸರು ಹಿಡಿದೇ ಕೇಳಿ, ಔಷಧಿ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ ಅಂದಳು. ಪಕ್ಕದವರು ಬರೆದುಕೊಳ್ಳುತ್ತಿದ್ದರು. ನನ್ನ ಪೆನ್ನು ಓಡಲಿಲ್ಲ. ಎರಡು ಗುಳಿಗೆ ಸಾಕಾಗಿದ್ದದ್ದು ಹಿಪ್ಪಲಿ ಇದ್ದದ್ದಕ್ಕೆ. ಹಿಪ್ಪಲಿ ಊರಿಗೆ ಹೋಯಿತು, ಎರಡು ಸಾಲಲಿಲ್ಲ. ಬಿಡುವಿನಲ್ಲಿ ಅವಳ ಹತ್ತಿರ ಹೋಗಿ, ನನಗೆ ಗೊತ್ತಿರುವ ಒಬ್ಬರಿಗೆ ಹೀಗಾಯಿತು ಎಂದೆ. ರಕ್ತ ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು, ಆದರೆ ಹಾಗೇ ಆಗಿರಬೇಕು ಅಂದಳು. ಖಚಿತವಿಲ್ಲ ಎಂಬ ಆ ಮಾತನ್ನು ಹಿಡಿದುಕೊಂಡು ಐದು ತಿಂಗಳು ಸುಮ್ಮನಿದ್ದೆ.

ಒಂದು ಭಾನುವಾರ ಬೆಳಗ್ಗೆ ಯು ಸಾಗಿಯೆಮ್ ಹಿತ್ತಿಲಲ್ಲಿ ಹಿಪ್ಪಲಿ ಅರೆಯುತ್ತಿದ್ದಳು. ಯಾರಿಗೆ ಎಂದು ಕೇಳಿದೆ. ಪಾರ್ಯಂತಿಗೆ, ಸುಟ್ಟ ಕೈ ಚಳಿಯಲ್ಲಿ ಸೆಳೆಯುತ್ತದಂತೆ, ಇವತ್ತಿನಿಂದ ಕೊಡೋಣವೆಂದು ಅಂದಳು. ಇನ್ನು ಸುಮ್ಮನಿರಲು ಆಗಲಿಲ್ಲ. ಅವಳ ಕೈ ಹಿಡಿದು ನಿಲ್ಲಿಸಿ, ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವಳು ಕಲ್ಲಿನ ಮೇಲಿನ ಹಿಟ್ಟನ್ನು ನೋಡುತ್ತಾ ಕೇಳಿದಳು.

"ಅವಳು ಗುಳಿಗೆ ತಗೊಳ್ತಾಳೆ ಅಂತ ನನಗೆ ಗೊತ್ತಿರಲಿಲ್ಲ," ಅಂದಳು ಕೊನೆಗೆ.

"ಹೌದು ಯು."

"ನಾನು ಹಿಪ್ಪಲಿ ಕೊಡ್ತೀನಿ ಅಂತ ಡಾಕ್ಟ್ರಿಗೆ ಗೊತ್ತಿರಲಿಲ್ಲ."

"ಹೌದು."

"ಎರಡೂ ಗೊತ್ತಿದ್ದಿದ್ದು ನಿಮಗೊಬ್ಬರಿಗೇ ಅಲ್ವಾ ಬು?"

ಗಟ್ಟಿಯಾಗಿ ಹೇಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಜಗಳ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ನಾನು ಅತ್ತೆ. ಅವಳು ಅರೆದ ಹಿಪ್ಪಲಿಯನ್ನು ಬಾಳೆ ಬುಡಕ್ಕೆ ಸುರಿದು ಕಲ್ಲು ತೊಳೆದಳು. ಪಾರ್ಯಂತಿಗೆ ಹೇಳಲೇಬೇಕು, ಅವಳ ಕೈ ಅದು, ಏಕೆ ಹೋಯಿತೆಂದು ಅವಳಿಗೆ ಗೊತ್ತಾಗಬೇಕು, ಇಬ್ಬರೂ ಹೋಗಿ ಹೇಳೋಣ ಅಂದಳು. ಮರುದಿನ ಸಂಜೆ ಎಂದು ಮಾತಾಯಿತು. ಮರುದಿನ ನನಗೆ ಕೇಂದ್ರದಲ್ಲಿ ದಾಸ್ತಾನು ಎಣಿಸುವ ಕೆಲಸವಿತ್ತು. ಇರಲಿಲ್ಲ, ನಾನೇ ಹುಟ್ಟಿಸಿಕೊಂಡೆ. ಕತ್ತಲಾದ ಮೇಲೆ ಮನೆಗೆ ಬಂದಾಗ ಅವಳ ಕೋಣೆಯ ಬಾಗಿಲು ಮುಚ್ಚಿತ್ತು.

ಒಬ್ಬಳೇ ಹೋಗಿದ್ದಳು. ಏನು ಹೇಳಿದಳೆಂದು ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಪಾರ್ಯಂತಿ ಗುಳಿಗೆಗೆ ಬಂದಾಗ. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ, ಎಲ್ಲರ ಜೊತೆ ಸರದಿಯಲ್ಲೇ ನಿಲ್ಲುತ್ತಿದ್ದಳು. ಮುಖ ಊದಿಕೊಂಡಿತ್ತು.

"ಯು ಸಾಗಿಯೆಮ್ ಬಂದು ಎಲ್ಲಾ ಹೇಳಿದ್ರು ಬು," ಅಂದಳು. "ಅವರ ಹಿಪ್ಪಲಿಯಿಂದ ಹಿಂಗಾಯ್ತಂತೆ. ಕೇಳ್ದೇನೇ ಕೊಟ್ಟೆ, ನಂದೇ ತಪ್ಪು ಅಂದ್ರು. ಇನ್ಮೇಲೆ ನಮ್ಮನೆಗೆ ಬರಬೇಡಿ ಅಂದುಬಿಟ್ಟೆ. ನೀವೊಬ್ಬರು ಇಲ್ದೇ ಇದ್ದಿದ್ರೆ ನಾನು ಏನಾಗ್ತಿದ್ನೋ."

ನನ್ನ ಹೆಸರನ್ನು ಯು ಸಾಗಿಯೆಮ್ ಎತ್ತಿರಲಿಲ್ಲ. ಕಿಟಕಿಯ ಈಚೆ ನಾನು, ಆಚೆ ಪಾರ್ಯಂತಿ, ಅವಳ ಹಿಂದೆ ಇನ್ನೂ ಏಳೆಂಟು ಜನ. ಅಲ್ಲ ಪಾರ್ಯಂತಿ, ತಪ್ಪು ನನ್ನದು ಎಂದು ಹೇಳಲು ಎಷ್ಟು ಹೊತ್ತು ಬೇಕು? ಪೊಟ್ಟಣ ಕಟ್ಟಿದೆ. ದಿನಕ್ಕೆ ಮೂರು, ತಪ್ಪಿಸಬೇಡ ಅಂದೆ. ಮುಂದಿನವರನ್ನು ಕರೆದೆ.

ಆ ಮೇಲೆ ಯು ಸಾಗಿಯೆಮ್ ಮೊದಲಿನ ಯು ಸಾಗಿಯೆಮ್ ಆಗಿ ಉಳಿಯಲಿಲ್ಲ. ಮುಖ ನೋಡಿ ಕೊಡುವುದನ್ನು ಬಿಟ್ಟಳು. ಯಾರೇ ಕೈ ಚಾಚಲಿ, ಗುಳಿಗೆ ಏನಾದರೂ ನುಂಗುತ್ತೀರಾ, ಯಾವುದಕ್ಕೆ, ಎಷ್ಟು ಎಂದು ಕೇಳುವಳು. ಜನಕ್ಕೆ ಅದು ಅವಮಾನ. ನಾನೇನು ರೋಗಿಷ್ಟನಾ, ಒಂದು ಲೋಟ ಜಾಮುಗೆ ಪೊಲೀಸರ ಹಾಗೆ ವಿಚಾರಣೆ ಮಾಡ್ತೀಯಲ್ಲ ಎಂದು ಎದ್ದು ಹೋಗುವರು. ಹೌದು ಎಂದವರಿಗೆ ಅಕ್ಕಿ-ಕಚೋರ ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ಹಿಪ್ಪಲಿಯ ಸೀಸೆ ಬುಟ್ಟಿಯಲ್ಲೇ ಇರಲಿಲ್ಲ. ಗಿರಾಕಿಗಳು ಕರಗಿದರು. ವರ್ಷ ತುಂಬುವಷ್ಟರಲ್ಲಿ ಕೋಣೆ ಖಾಲಿ ಮಾಡಿ ಊರಿಗೆ ಹೊರಟಳು. ಹೊರಡುವ ದಿನ ನನ್ನ ಜೊತೆ ಎಂದಿನಂತೆಯೇ ಮಾತಾಡಿದಳು, ಬಾಳೆಗೆ ನೀರು ಹಾಕುವುದನ್ನು ಮರೆಯಬೇಡಿ ಅಂದಳು. ನಾನೇ ಅವಳ ಮುಖ ನೋಡಲಿಲ್ಲ.

ಊರಲ್ಲಿ ಇಪ್ಪತ್ತು ವರ್ಷ ಬದುಕಿದಳು. ವರ್ಷಕ್ಕೊಮ್ಮೆ ನಾನು ಹೋಗಿ ಬರುತ್ತಿದ್ದೆ, ಸಕ್ಕರೆ, ಚಹಾಪುಡಿ ಒಯ್ಯುತ್ತಿದ್ದೆ. ಪ್ರತಿ ಸಲವೂ ಅವಳು ಕೇಳುತ್ತಿದ್ದದ್ದು ಒಂದೇ, ಪಾರ್ಯಂತಿ ಹೇಗಿದ್ದಾಳೆ ಎಂದು. ಚೆನ್ನಾಗಿದ್ದಾಳೆ, ಮಗಳ ಮದುವೆಯಾಯಿತು, ಮೊಮ್ಮಗು ಬಂತು ಎಂದು ಹೇಳುತ್ತಿದ್ದೆ. ನನ್ನನ್ನು ನೆನೆಸಿಕೊಳ್ಳುತ್ತಾಳಾ ಎಂದು ಒಂದು ಸಲ ಮಾತ್ರ ಕೇಳಿದಳು. ನೆನೆಸಿಕೊಳ್ಳುತ್ತಾಳೆ ಎಂದು ಸುಳ್ಳು ಹೇಳಿದೆ. ಅದು ಸುಳ್ಳೆಂದು ಅವಳಿಗೆ ತಿಳಿಯಿತು. ಮುಖ ನೋಡಿ ತಿಳಿಯುವವಳಲ್ಲವೇ. ನೀವು ಹೇಳಿದಿರಾ ಎಂದು ಮಾತ್ರ ಅವಳು ಒಮ್ಮೆಯೂ ಕೇಳಲಿಲ್ಲ.

ಸಾವಿನ ಸುದ್ದಿಯನ್ನು ಪಾರ್ಯಂತಿಗೆ ನಾನೇ ಹೋಗಿ ಹೇಳಿದ್ದೆ. ಸಾವಿರದ ಊಟಕ್ಕೂ ಕರೆದೆ. ಅವರು ಮಾಡಿದ್ದನ್ನ ಮರೆಯೋಕಾಗಲ್ಲ ಬು, ದೇವರು ಅವರಿಗೆ ಒಳ್ಳೇದು ಮಾಡಲಿ, ನಾನು ಬರಲ್ಲ ಅಂದಳು.

ಮೊನ್ನೆ ಹಬ್ಬವಾಯಿತು. ಹಬ್ಬದ ಬೆಳಗ್ಗೆ ಚಿಕ್ಕವರು ಹಿರಿಯರ ಮುಂದೆ ಮಂಡಿಯೂರಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನೆಲ್ಲ ಮನ್ನಿಸಿ ಎಂದು ಕೇಳುವುದು, ಹಿರಿಯರು ನನ್ನದೂ ಇದ್ದರೆ ಮನ್ನಿಸು ಎನ್ನುವುದು ನಮ್ಮಲ್ಲಿ ವಾಡಿಕೆ. ಪಾರ್ಯಂತಿ ಪ್ರತಿ ವರ್ಷ ಬರುತ್ತಾಳೆ, ಈ ವರ್ಷವೂ ಬಂದಳು. ಮಂಡಿಯೂರಿ, ಆ ಮುದುಡಿದ ಬಲಗೈಯನ್ನು ಎಡಗೈಯ ಜೊತೆ ಸೇರಿಸಿ ನನ್ನ ಮಂಡಿಯ ಮೇಲಿಟ್ಟು, ತಲೆ ಬಾಗಿಸಿ ನನ್ನಿಂದ ಕ್ಷಮೆ ಕೇಳಿದಳು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಬೆಳಗ್ಗೆ ಎದ್ದಾಗಲೇ ಗಟ್ಟಿ ಮನಸ್ಸು ಮಾಡಿದ್ದೆ. ನನ್ನದೂ ತಪ್ಪಿದೆ ಪಾರ್ಯಂತಿ, ಮನ್ನಿಸು ಅಂದೆ. ಅವಳು ತಲೆ ಎತ್ತಿ ನಕ್ಕು, ನಿಮ್ಮದೇನಿರುತ್ತೆ ಬು ಎಂದು ಹೇಳಿ, ಎದ್ದು, ಪಕ್ಕದ ಮನೆಯ ಹಿರಿಯರ ಹತ್ತಿರ ಹೋದಳು.